ಸುಣ್ಣದ ಗೂಡಿನ ಹಿಂದಿನ ಅಣಬೆ

ಮಂಗಳವಾರ, ೯ ಸೆಪ್ಟೆಂಬರ್

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಬಿಡುವಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಬಿಡುವು ಬೇಕಾದಷ್ಟಿತ್ತು, ಬರೆಯಲು ಮುಖ ಇರಲಿಲ್ಲ. "ಅಮ್ಮ ಹೋದಾಗಿನಿಂದ ಹನ್ನೊಂದು ವರ್ಷ ತಪ್ಪದೆ ಬರ್ತಿದ್ದ ಒಣ ಅಣಬೆ ಈ ಸಲ ಯಾಕೆ ಬರಲಿಲ್ಲ? ನನ್ನ ಮೇಲೆ ಕೋಪನಾ?" ಎಂದು ಕೇಳಿದ್ದೀಯ. ಕೋಪ ನಿನ್ನ ಮೇಲಲ್ಲ. ಯಾರ ಮೇಲೆ ಎಂದು ಹೇಳಬೇಕಾದರೆ ಊರಿನ ಮೂವತ್ತು ಮನೆಗಳ ಪಟ್ಟಿ ಬರೆಯಬೇಕಾಗುತ್ತದೆ.

ಬೇಸಿಗೆಯಲ್ಲಿ ಅರಣ್ಯ ಇಲಾಖೆಯಿಂದ ನಕ್ಷೆ ಬರೆಯುವ ಮೇಡಂ ಒಬ್ಬರು ಬಂದರು. ವಯಸ್ಸು ನಮ್ಮ ದೊಡ್ಡ ಮಗಳಷ್ಟೇ. ತಲೆಗೆ ಟೋಪಿ, ಕಾಲಿಗೆ ಗಂಡಸರ ಬೂಟು. ಜೇನು, ಅಂಟು, ಬೇರು, ಅಣಬೆ, ಹೀಗೆ ಯಾರು ಕಾಡಿನಿಂದ ಏನು ತರುತ್ತಾರೆ, ಎಲ್ಲಿಂದ ತರುತ್ತಾರೆ ಎಂದು ಗುರುತು ಹಾಕುವುದು ಅವರ ಕೆಲಸ. ನಮ್ಮ ಸಂಘದ ಒಣಗಿಸುವ ಶೆಡ್ಡಿನಲ್ಲಿ ಸಭೆ ಸೇರಿಸಿ, "ನೀವು ಜಾಗ ತೋರಿಸಿದ್ರೆ ಅದು ಹಾಳಾಗದ ಹಾಗೆ ನಾವು ನೋಡ್ಕೋತೀವಿ" ಅಂದರು. ಜೇನು ಕಟ್ಟುವ ಮರ, ಅಂಟಿನ ಮರ ಎಲ್ಲವನ್ನೂ ಸರಸರ ಹೇಳಿದೆವು. ಮರವನ್ನು ಬಚ್ಚಿಡಲು ಆಗುತ್ತದೆಯೇ? ಅಣಬೆಯ ಮಾತು ಬಂದಾಗ ಮಾತ್ರ ಇಡೀ ಶೆಡ್ಡಿಗೆ ಒಟ್ಟಿಗೆ ಕೆಮ್ಮು ಬಂತು. ನಿನಗೆ ಗೊತ್ತಲ್ಲ, ನಮ್ಮಲ್ಲಿ ಗಂಡನಾದವನು ಹೆಂಡತಿಗೆ ಬೀರುವಿನ ಕೀಲಿ ಬೇಕಾದರೆ ಕೊಟ್ಟಾನು, ಅಣಬೆ ಏಳುವ ಜಾಗ ಹೇಳಲಾರ. ಅದು ಸಾಯುವಾಗ ಕಿವಿಯಲ್ಲಿ ಹೇಳಿಹೋಗುವ ವಿಷಯ.

ಮೇಡಂ ಬಿಡಲಿಲ್ಲ. ಸಭೆಯಲ್ಲಿ ಬೇಡ, ಒಬ್ಬೊಬ್ಬರೇ ಬಂದು ತೋರಿಸಿ ಎಂದರು. ಎರಡು ವಾರ ಒಂದೊಂದು ಮನೆಯವರು ಅವರನ್ನು ಕರೆದುಕೊಂಡು ಹೋಗಿ ಬಂದರು. ನಾನೂ ಹೋದೆ. ಹೊಳೆದಂಡೆಯಲ್ಲಿ ಬಾಗಿದ ಮರವಿದೆಯಲ್ಲ, ಚಿಕ್ಕವರಿದ್ದಾಗ ನಾವು ಜೋತು ಬೀಳುತ್ತಿದ್ದದ್ದು, ಅದರ ಬುಡ ತೋರಿಸಿದೆ. ಅಲ್ಲಿ ಜನ್ಮದಲ್ಲಿ ನಾನು ಒಂದು ಅಣಬೆ ಕಂಡವಳಲ್ಲ. "ಪ್ರತಿ ವರ್ಷ ಬುಟ್ಟಿ ತುಂಬುತ್ತೆ ಮೇಡಂ" ಅಂದೆ. ಪಾಪ, ಬರೆದುಕೊಂಡರು. ಆ ಹುಡುಗಿಗೆ ಸುಳ್ಳು ಹೇಳಿದೆನಲ್ಲ ಎಂದು ಮನಸ್ಸು ಚುರುಕ್ ಅಂದಿತು. ಮನೆಗೆ ಬಂದು ಟೀ ಕುಡಿದ ಮೇಲೆ ಸರಿಹೋಯಿತು.

ಮೇ ಕೊನೆಗೆ ನಕ್ಷೆ ಬಂತು. ಶೆಡ್ಡಿನ ಗೋಡೆಗೆ ತೂಗುಹಾಕಿದರು. ಮನೆಗೊಂದು ಕೆಂಪು ಚುಕ್ಕೆ. ಮೂವತ್ತೊಂದು ಚುಕ್ಕೆಗಳಲ್ಲಿ ಮೂವತ್ತು ಒಂದೇ ಕಡೆ, ಹಳೇ ಸುಣ್ಣದ ಗೂಡಿನ ಹಿಂದಿನ ಮುಳ್ಳುಗುಡ್ಡದ ಮೇಲೆ. ಊರಿಗೆ ಹತ್ತಿರ, ದಾರಿ ಸಲೀಸು, ಅಲ್ಲಿ ಏನೂ ಬೆಳೆಯುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಒಬ್ಬರಿಗೊಬ್ಬರು ಹೇಳದೆ ಕೇಳದೆ ಮೂವತ್ತು ಮನೆಯವರಿಗೂ ಒಂದೇ ಸುಳ್ಳು ಹೊಳೆದಿದೆ.

ಅಕ್ಕ, ಅಲ್ಲಿ ಬೆಳೆಯುತ್ತದೆ ಎಂದು ಗೊತ್ತಿದ್ದವಳು ಊರಲ್ಲಿ ನಾನೊಬ್ಬಳೇ. "ಅಲ್ಲಿ ಇಲ್ಲಿ ಸಿಕ್ಕಿದ್ದು" ಎಂದು ಚೀಟಿ ಬರೆದು ನಿನಗೆ ಕಳಿಸುತ್ತಿದ್ದ ಅಣಬೆಯೆಲ್ಲ ಅಲ್ಲಿಯದೇ. ನಮ್ಮ ಮನೆಯ ಅರ್ಧ ವರ್ಷ ನಡೆಯುತ್ತಿದ್ದದ್ದೂ ಅದರಿಂದಲೇ. ನನಗೆ ಆ ಜಾಗ ಹೇಗೆ ಗೊತ್ತಾಯಿತು ಎಂಬುದನ್ನು ಕೊನೆಗೆ ಬರೆಯುತ್ತೇನೆ, ಈಗ ಕೈ ಬರುತ್ತಿಲ್ಲ.

ನಕ್ಷೆಯಲ್ಲಿ ನನ್ನ ಚುಕ್ಕೆ ಹೊಳೆದಂಡೆಯಲ್ಲಿ ಒಂಟಿಯಾಗಿ ಕೂತಿತ್ತು. ಅದನ್ನು ನೋಡಿ ಪಕ್ಕದ ಮನೆಯ ಬುಟ್ಟಿ ಹೆಣೆಯುವ ಅತ್ತೆ ನಿಂತಲ್ಲೇ ಕುಸಿದು ಕೂತರು. ನೀರು ಕೊಟ್ಟರೂ ಕುಡಿಯಲಿಲ್ಲ. ಅವರ ಜಾಗ ಯಾವುದು ಎಂದು ನನಗೆ ಆಗ ತಿಳಿಯಿತು.

ಮೇಡಂ ಮಾತ್ರ ಕಣ್ಣಲ್ಲಿ ನೀರು ತುಂಬಿಕೊಂಡು, "ಇಷ್ಟು ಸಮೃದ್ಧವಾದ ಜಾಗ ನಾನು ಎಲ್ಲೂ ನೋಡಿಲ್ಲ. ಬೇಲಿ ಹಾಕ್ತೀವಿ. ಮೂರು ವರ್ಷ ಯಾರೂ ಅಣಬೆ ಕೀಳೋ ಹಾಗಿಲ್ಲ" ಅಂದರು. ಜನ ಒಳಗೊಳಗೇ ನಗುತ್ತ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ನಾನೂ ಅಂಗೈ ಕೆಂಪಾಗುವಷ್ಟು ತಟ್ಟಿದೆ. ತಟ್ಟದಿದ್ದರೆ ಸಿಕ್ಕಿಬೀಳುತ್ತಿದ್ದೆ.

ಬೇಲಿ ಎಂದ ಮೇಲೆ ಕಾವಲು ಬೇಕಲ್ಲ. ಸಂಘದ ಕಾರ್ಯದರ್ಶಿ ನಕ್ಷೆಯ ಮುಂದೆ ಗಲ್ಲ ಕೆರೆದುಕೊಂಡು ನಿಂತು, "ಇಡೀ ಊರಲ್ಲಿ ಆ ಜಾಗದ ಮೇಲೆ ಆಸೆ ಇಲ್ಲದೋಳು ಇವಳೊಬ್ಬಳೇ. ಇವಳೇ ಕಾಯ್ಲಿ" ಎಂದು ಬೇಲಿಯ ಕೀಲಿಯನ್ನು ನನ್ನ ಕೈಗೆ ಹಾಕಿದರು. ನಮ್ಮ ಮನೆಯವರಿಗೆ ಹಿಗ್ಗೋ ಹಿಗ್ಗು. "ನಿನ್ನ ಪ್ರಾಮಾಣಿಕತೆ ಕೊನೆಗೂ ನಾಲ್ಕು ಜನಕ್ಕೆ ಗೊತ್ತಾಯ್ತು" ಅಂದರು. ಇಪ್ಪತ್ತಾರು ವರ್ಷ ಸಂಸಾರ ಮಾಡಿದರೂ ಆ ಮನುಷ್ಯನಿಗೆ ನಾನು ಅರ್ಥವಾಗಿಲ್ಲ.

ಮೊದಲ ಮಳೆ ಬಿದ್ದ ನಾಲ್ಕನೇ ದಿನ ಅಣಬೆ ಎದ್ದವು. ಯಾವ ವರ್ಷವೂ ಹಾಗೆ ಎದ್ದಿರಲಿಲ್ಲ. ಬೇಲಿಯೊಳಗೆ ಎಲ್ಲಿ ನೋಡಿದರೂ ಬಿಳಿ ಕೊಡೆ. ಮೇಡಂ ಫೋಟೋ ತೆಗೆದದ್ದೇ ತೆಗೆದದ್ದು. ಮೂವತ್ತು ಮನೆಯವರೂ ಹೊರಗೆ ಬಾಯಿ ಬಿಟ್ಟುಕೊಂಡು ನಿಂತರು. ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರಾಗಿ, "ನಾನು ಆವಾಗ್ಲೇ ಹೇಳಿರ್ಲಿಲ್ವಾ?" ಎನ್ನಲು ಶುರುಮಾಡಿದರು. ಸಂಜೆಗೆ, ಇದು ನಮ್ಮಜ್ಜನ ಕಾಲದಿಂದ ನಮ್ಮದೇ ಜಾಗ ಎಂದು ಇಬ್ಬರು ಕೈ ಕೈ ಮಿಲಾಯಿಸಿದರು. ಅವರ ಜಗಳ ಬಿಡಿಸಿದ್ದು ನಾನು. ಕಾವಲಿನವಳಲ್ಲವೇ.

ಬುಟ್ಟಿ ಅತ್ತೆ ಮಾತ್ರ ಅಣಬೆ ನೋಡಲಿಲ್ಲ, ನನ್ನ ಮುಖ ನೋಡಿದರು. ಹತ್ತಿರ ಬಂದು, "ಗೊತ್ತಿಲ್ದೋರೆಲ್ಲ ಈ ಜಾಗ ತೋರಿಸಿದ್ರು. ತೋರಿಸದೇ ಇದ್ದೋಳು ನೀನೊಬ್ಬಳೇ. ಯಾಕೆ ಅಂತ ಈಗ ಗೊತ್ತಾಯ್ತು ಕಣೇ" ಅಂದರು. ನಾನು ಸೊಂಟದ ಕೀಲಿಯ ಮೇಲೆ ಸೆರಗು ಎಳೆದುಕೊಂಡೆ. ಅವರೇ ಮತ್ತೆ, "ನನ್ನ ಮರ ನೀನು ತೋರಿಸ್ದೆ, ನಿನ್ನ ಗುಡ್ಡ ನಾನು ತೋರಿಸ್ದೆ. ಇಬ್ರೂ ಬಾಯಿ ಮುಚ್ಕೊಂಡಿರೋಣ" ಅಂದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮೇಡಂ ನಮ್ಮ ಸಂತೋಷದ ಫೋಟೋವನ್ನೂ ತೆಗೆದರು.

ಕೀಲಿ ನನ್ನ ಸೊಂಟದಲ್ಲಿ, ಅಣಬೆ ಕಣ್ಣೆದುರು, ಮೂವತ್ತು ಮನೆಯವರ ಕಣ್ಣು ನನ್ನ ಬೆನ್ನ ಮೇಲೆ. ಒಂದನ್ನೂ ಮುಟ್ಟಲಾಗಲಿಲ್ಲ. ಎಲ್ಲ ಅಲ್ಲೇ ಕೊಳೆತು ಮಣ್ಣಾದವು. ಬೇರು ಅಗೆದು, ಅಂಟು ಕೆರೆದು ಈ ವರ್ಷ ಹೇಗೋ ತಳ್ಳುತ್ತಿದ್ದೇವೆ. ನಿನಗೆ ಪೊಟ್ಟಣ ಬಾರದ್ದಕ್ಕೆ ಕಾರಣ ಇಷ್ಟೇ.

ನಿನ್ನ ಮೊಣಕಾಲು ಈಗ ಹೇಗಿದೆ? ಹೊಲಿಗೆ ಮಷೀನು ತುಳಿಯುವುದನ್ನು ಕಡಿಮೆ ಮಾಡು ಎಂದರೆ ನೀನು ಕೇಳುವವಳಲ್ಲ. ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಮೊಮ್ಮಗಳಿಗೆ ಹಲ್ಲು ಬಂತೇ? ಆ ಪುಟ್ಟಿ ನೂರು ವರ್ಷ ಸುಖವಾಗಿರಲಿ, ಈ ಚಿಕ್ಕಜ್ಜಿಯಷ್ಟು ಸುಳ್ಳು ಕಲಿಯದಿರಲಿ ಎಂದು ಹರಸುತ್ತೇನೆ.

ಇಂತಿ,
ನಿನ್ನ ತಂಗಿ

ಮತ್ತೊಂದು ಮಾತು: ಇದು ಮರೆತು ಕೊನೆಗೆ ಬರೆಯುತ್ತಿರುವುದಲ್ಲ, ಧೈರ್ಯ ಸಾಲದೆ ಉಳಿಸಿಕೊಂಡದ್ದು. ಆ ಜಾಗ ನನಗೆ ಹೇಳಿದವಳು ಅಮ್ಮ. ಕೊನೆಯ ದಿನ ಮಧ್ಯಾಹ್ನ, ನೀನಿನ್ನೂ ಬಸ್ಸಿನಲ್ಲಿದ್ದೆ. "ಗೂಡಿನ ಹಿಂದೆ, ಮೂರನೇ ಹುತ್ತ. ದೊಡ್ಡವಳನ್ನ ಮೊದಲು ಕರ್ಕೊಂಡು ಹೋಗಿ ತೋರಿಸು. ಆಮೇಲೆ ಇಬ್ರೂ ಕಿತ್ಕೊಳ್ಳಿ" ಅಂದಳು. ಆಮೇಲೆ ನಾಲ್ಕು ಸಲ, "ಬಸ್ಸು ಬಂತಾ?" ಎಂದು ಕೇಳಿದಳು. ನೀನು ಬಂದಾಗ ಅವಳಿರಲಿಲ್ಲ. ಚೀಲ ಹೊಸ್ತಿಲಲ್ಲೇ ಇಟ್ಟು, "ಅಮ್ಮ ನನಗೆ ಏನಾದ್ರೂ ಹೇಳಿದ್ಲಾ?" ಎಂದು ಕೇಳಿದೆ. ನಾನು ಇಲ್ಲ ಅಂದೆ. ನಿನಗೆ ಅಂಗಡಿ ಇತ್ತು, ಸ್ವಂತ ಮನೆ ಇತ್ತು. ಆ ಗುಡ್ಡವೊಂದಾದರೂ ನನ್ನದೇ ಆಗಿರಲಿ ಅನ್ನಿಸಿತು. ನೀನು "ಸರಿ ಬಿಡು" ಎಂದು ಒಳಗೆ ಹೋದೆ, ಇವತ್ತಿನವರೆಗೆ ಮತ್ತೆ ಕೇಳಲಿಲ್ಲ. ಅಣಬೆ ಬಚ್ಚಿಡಲು ಹೋಗಿ ನಿನ್ನಿಂದ ಅಮ್ಮನ ಮಾತನ್ನೇ ಬಚ್ಚಿಟ್ಟೆ. ಮುಂದಿನ ಮಳೆಗೆ ಬಾ ಅಕ್ಕ. ಕೀಳುವ ಹಾಗಿಲ್ಲ, ನೋಡಬಹುದು. ಬಾಗಿಲು ನಾನು ತೆಗೆಯುತ್ತೇನೆ, ಒಳಗೆ ಮೊದಲು ನೀನು ಹೋಗು.