ನೀರನ್ನು ಮರೆತ ಲೆಕ್ಕ

೧೪ ಮಾರ್ಚ್, ಶುಕ್ರವಾರ

ಪಿಎಚ್.ಡಿ. ಸಂಶೋಧನೆಗೆ ನನ್ನ ಬಳಿ ಇರುವುದು ಒಂದೇ ಸ್ಥಾನ. ಕೊನೆಗುಳಿದ ಒಬ್ಬ ಹುಡುಗಿ, ಒಬ್ಬ ಹುಡುಗನಲ್ಲಿ ಅದು ಯಾರಿಗೆಂದು ನಾಳೆ ಬೆಳಿಗ್ಗೆ ನಾನು ತಿಳಿಸಬೇಕು. ನಿದ್ದೆ ಹತ್ತಿರ ಸುಳಿಯುತ್ತಿಲ್ಲ.

ಜೀವ ಹುಟ್ಟುವ ಮೊದಲು ಕೊಳವೊಂದರಲ್ಲಿ ಸರಳ ಅಣುಗಳು ಹೇಗೆ ಕೂಡಿಕೊಂಡಿರಬಹುದೆಂದು ಆ ಹುಡುಗಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಕಳುಹಿಸಿದ್ದಳು. ಆದರೆ ಲೆಕ್ಕದಲ್ಲಿ ನೀರನ್ನೇ ಸೇರಿಸಿರಲಿಲ್ಲ. ಇಂದಿನ ಸಂದರ್ಶನದಲ್ಲಿ ನಮ್ಮ ಹಿರಿಯ ಪ್ರಾಧ್ಯಾಪಕರು ಸುಮ್ಮನೆ ಬಿಡುತ್ತಾರೆಯೇ?

“ಏನಮ್ಮಾ, ನೀರಿಲ್ಲದ ಕೊಳದಲ್ಲಿ ಈಜಿದ್ದೀಯಲ್ಲ!”

“ಹೌದು ಸರ್, ಮೂತೀನೂ ಒಡ್ಕೊಂಡೆ,” ಎಂದು ನಕ್ಕಳು. “ಆಮೇಲೆ ಒಂದೇ ಒಂದು ನೀರಿನ ಅಣು ಹಾಕಿ ನೋಡ್ದೆ. ಅದು ಈ ಕಡೆಯಿಂದ ಹೈಡ್ರೋಜನ್ ಇಸ್ಕೊಂಡು ಆ ಕಡೆ ಕೊಡುತ್ತೆ ಸರ್. ಅಣುಗಳು ಕೂಡೋ ಅಷ್ಟು ಕಷ್ಟದ ದಾರಿ ಸಲೀಸಾಗಿಬಿಡ್ತು!”

ಇನ್ನೊಬ್ಬ ಅಭ್ಯರ್ಥಿಯ ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಆದರೆ ಆ ಹುಡುಗ ಯಾವುದಕ್ಕೂ ಬೆರಗಾಗಲೂ ಇಲ್ಲ.

ಕಣ್ಣು ಮುಚ್ಚಿದರೆ ಆ ಕೊಳವೇ ಕಾಣುತ್ತದೆ. ನೋಡುವ ಕಣ್ಣಿಲ್ಲ, ಹೆಸರಿಡುವ ನಾಲಿಗೆಯಿಲ್ಲ. ಬೆಚ್ಚನೆಯ ನೀರು ಮಾತ್ರ, ಕೈಗಳೆಂಬುವೇ ಇಲ್ಲದ ಕಾಲದಲ್ಲಿ, ಒಂದರಿಂದ ಪಡೆದದ್ದನ್ನು ಮತ್ತೊಂದಕ್ಕೆ ದಾಟಿಸುತ್ತಿದೆ. ಎಷ್ಟು ಹೊತ್ತು ನೋಡಿದರೂ ಮನಸ್ಸು ತಣಿಯದು.

ಹಿರಿಯರು ಗೊಣಗಿದರೆ ಗೊಣಗಲಿ, ಸ್ಥಾನ ಅವಳದೇ. ಬಂದೊಡನೆ ಹೇಳುವೆ: ಬಾ ಮಗಳೇ, ಎರಡನೆಯ ನೀರಿನ ಅಣು ಸೇರಿಸು, ಶುರು ಮಾಡೋಣ.