ಚೌಕ ಮದುವೆ, ಅಗಲ ಮದುವೆ

ಹುಮನಾಬಾದ
೧೭ ಫೆಬ್ರುವರಿ ೨೦೧೦

ಪ್ರೀತಿಯ ತಂಗಿ ಸರೂಗೆ,

ನಿನ್ನ ಅಣ್ಣ ಓಂಪ್ರಕಾಶನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಆರಾಮ, ನೀನೂ ಆರಾಮ ಇರಬೇಕು. ಸ್ನೇಹಲ್‌ಳ ಮದುವೆಯ ಡಿಸ್ಕ್ ಸಂಕ್ರಾಂತಿಗೆ ಕೊಡುತ್ತೇನೆಂದು ಹೇಳಿ ಶಿವರಾತ್ರಿ ದಾಟಿಸಿದೆ. ಬೈಯಬೇಡ. ತಡವಾದದ್ದು ಯಾಕೆಂದು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈ ಮಾತು ತೆಗೆದಾಗಲೆಲ್ಲ ನೀನು ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಫೋನ್ ಇಟ್ಟುಬಿಡುತ್ತೀಯ. ಕಾಗದದ ಹತ್ತಿರ ಆ ಆಟ ನಡೆಯುವುದಿಲ್ಲ. ಡಿಸ್ಕಿನ ಜೊತೆ ಬಸವಕಲ್ಯಾಣದ ಬಸ್ಸಿಗೆ ಕೊಟ್ಟು ಕಳಿಸುತ್ತಿದ್ದೇನೆ.

ನಿನ್ನ ಮದುವೆ, ನಿನ್ನ ಮಗಳ ಮದುವೆ ಎರಡೂ ಒಂದೇ ಡಿಸ್ಕಿನಲ್ಲಿ ಬೇಕು ಎಂದಿದ್ದೆ. ಹೇಳಲು ಸುಲಭ. ೧೯೯೦ರಲ್ಲಿ ಬೇಮಳಖೇಡದ ನಮ್ಮ ಮನೆ ಮುಂದೆ ಮಕ್ಬೂಲ್ ಭಾಯ್ ತೆಗೆದ ಕ್ಯಾಸೆಟ್ ಹಳೇ ಟಿವಿಯ ಹಾಗೆ ಚೌಕ. ಈಗ ಬಸವಕಲ್ಯಾಣದಲ್ಲಿ ನಾನು ತೆಗೆದದ್ದು ಹೊಸ ಟಿವಿಯ ಹಾಗೆ ಅಗಲ. ಚೌಕವನ್ನು ತಂದು ಅಗಲದಲ್ಲಿ ಕೂರಿಸಿದರೆ ಎಡಬಲಕ್ಕೆ ಕಪ್ಪು ಪಟ್ಟಿ ಉಳಿಯುತ್ತದೆ. ನಿನ್ನ ಬೀಗರು ಶಂಕರಲಿಂಗಪ್ಪನವರು ನಮ್ಮ ಸ್ಟುಡಿಯೋಕ್ಕೇ ಬಂದು, ದೊಡ್ಡ ಟಿವಿ ತಂದಿದ್ದೇವೆ, ಮದುವೆ ನೋಡುವಾಗ ಕಪ್ಪು ಕಾಣಬಾರದು, ಪೂರ್ತಿ ತುಂಬಿರಲಿ ಎಂದರು.

ಆಯಿತೆಂದು ಎಳೆದು ತುಂಬಿಸಿದೆ. ನಿನ್ನ ಗಂಡ ಬಸವಣಪ್ಪ, ಪಾಪ, ಜೋಳದ ದಂಟಿನಂತಿದ್ದವನು ಪೈಲ್ವಾನನಾದ. ನಿನ್ನ ಮುಖ ರೊಟ್ಟಿ ಬಡಿದಂತೆ ಅಗಲವಾಯಿತು. ಬೀಗರೇ ಹೊಟ್ಟೆ ಹಿಡಿದು ನಕ್ಕರು. ಹಾಗಾದರೆ ಮೇಲೆ ಕೆಳಗೆ ಕತ್ತರಿಸಿ ತುಂಬಿಸಿ ಎಂದರು. ಅದನ್ನೂ ಮಾಡಿ ತೋರಿಸಿದೆ. ಮದುಮಗನ ಬಾಸಿಂಗ ಅರ್ಧಕ್ಕೆ ಹಾರಿಹೋಗಿತ್ತು. ಈ ಸಲ ಅವರು ನಗಲಿಲ್ಲ.

"ಬಾಸಿಂಗ ಕಡೀಬ್ಯಾಡ್ರಿ. ನಿಮಗ ಹ್ಯಾಂಗ ಬೇಕೋ ಹಾಂಗ ಮಾಡ್ರಿ" ಎಂದು ಎದ್ದುಬಿಟ್ಟರು.

ನನಗೆ ಬೇಕಾಗಿದ್ದದ್ದು ಅದೇ. ಹಳೆಯದನ್ನು ಚೌಕವಾಗಿಯೇ ಬಿಟ್ಟೆ, ಹೊಸದನ್ನು ಅಗಲವಾಗಿಯೇ ಬಿಟ್ಟೆ. ಚೌಕದ ಎಡಬಲಕ್ಕೆ ಕಪ್ಪಿನ ಬದಲು ಅರಿಶಿನದ ಬಣ್ಣ ತುಂಬಿದೆ. ಹುಮನಾಬಾದದಲ್ಲಿ ಬೇರೆ ಯಾವ ಸ್ಟುಡಿಯೋದವನಿಗಾದರೂ ಇದು ಹೊಳೆದಿದ್ದರೆ ನನಗೆ ಹೇಳು.

ಆದರೆ ನಾನು ಹಠ ಹಿಡಿದದ್ದು ಬಾಸಿಂಗಕ್ಕಾಗಿ ಅಲ್ಲ, ಸರೂ. ಕತ್ತರಿಸಿದರೆ ಹೋಗುತ್ತಿದ್ದ ಆ ಮೇಲಿನ ಅಂಚಿನಲ್ಲಿ ನಮ್ಮ ಮನೆಯ ಮಾಳಿಗೆ ಇದೆ. ಮಾಳಿಗೆಯ ತುದಿಯಲ್ಲಿ ಅವ್ವ ನಿಂತಿದ್ದಾಳೆ. ಅಪ್ಪ ತೀರಿ ಆಗಿನ್ನೂ ಒಂದೇ ವರ್ಷವಾಗಿತ್ತು, ಹಂದರದೊಳಗೆ ಬರಬೇಡ ಎಂದು ಹಿರಿಯರು ಅವಳನ್ನು ತಡೆದಿದ್ದರು. ಅವ್ವ ಅಡುಗೆಮನೆಯಲ್ಲೇ ಕೂತಳು, ಮಗಳ ಮದುವೆಯನ್ನು ಕಣ್ಣೆತ್ತಿಯೂ ನೋಡಲಿಲ್ಲ ಎಂದು ನೀನು ಇಷ್ಟು ವರ್ಷ ನೊಂದುಕೊಂಡೆ. ಅವಳೂ ಬಾಯಿ ಬಿಡದೆ ಹೋದಳು. ನನಗೂ ಗೊತ್ತಿರಲಿಲ್ಲ. ಹಳೇ ಟಿವಿಗಳು ಚಿತ್ರದ ಅಂಚನ್ನು ಸ್ವಲ್ಪ ನುಂಗಿಯೇ ತೋರಿಸುತ್ತಿದ್ದವು. ಕಂಪ್ಯೂಟರಿಗೆ ಹಾಕಿದಾಗ ಪೂರ್ತಿ ಚಿತ್ರ ಬಂತು, ಅವ್ವನೂ ಬಂದಳು.

ಇನ್ನು ನಿನ್ನ ಬೇಡಿಕೆಗೆ ಬರುತ್ತೇನೆ. "ಅಣ್ಣಾ, ಹೊಸಾದ್ರಾಗ ನಾ ಕಾಣೂ ಕಡಿ ಎಲ್ಲಾ ತೆಗದುಬಿಡು. ಬೀಗರ ಮನ್ಯಾಗ ಮಂದಿ ನೋಡ್ತಾರ" ಅಂದೆಯಲ್ಲ. ತೆಗೆಯುವುದು ಏನೂ ಕಷ್ಟವಿಲ್ಲ. ಮದುಮಕ್ಕಳ ಮೇಲೆ ಅಕ್ಕಿಕಾಳು ಹಾಕುವ ಹೊತ್ತಿನಲ್ಲಿ ನೀನು ಬಲತುದಿಯ ಕಂಬದ ಹತ್ತಿರ ಇದ್ದೀಯ. ಚಿತ್ರವನ್ನು ಚೌಕ ಮಾಡಿದರೆ ಸಾಕು, ಕಂಬದ ಜೊತೆ ನೀನೂ ಹೋಗುತ್ತೀಯ. ನಾನು ಮಾಡಲಿಲ್ಲ, ಮಾಡುವುದೂ ಇಲ್ಲ. ನಿನ್ನನ್ನು ಯಾರೂ ದೂರ ನಿಲ್ಲು ಅನ್ನಲಿಲ್ಲ. ಬೀಗರು ಕೈಮಾಡಿ ಕರೆದದ್ದು ಕ್ಯಾಮೆರಾದಲ್ಲಿದೆ, ನೀನು ತಲೆ ಅಲ್ಲಾಡಿಸಿದ್ದೂ ಇದೆ. ಬಸವಣಪ್ಪ ತೀರಿಹೋದ ಮೇಲೆ ಮಗಳನ್ನು ಒಬ್ಬಳೇ ಬೆಳೆಸಿದವಳು ನೀನು. ಬಸವಕಲ್ಯಾಣದಂಥ ಊರಿನಲ್ಲಿದ್ದುಕೊಂಡು ನೀನೇ ಹೋಗಿ ಕಂಬಕ್ಕೆ ಅಂಟಿ ನಿಂತರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಅಳು ಬರುತ್ತದೆ.

ಶುಕ್ರವಾರ ಸ್ನೇಹಲ್ ಗಂಡನ ಜೊತೆ ನಿನ್ನ ಮನೆಗೆ ಬರುತ್ತಾಳಂತೆ. ಎಲ್ಲರೂ ಕೂತು ನೋಡಿ. ಹೊತ್ತಿಗೆ ಸರಿಯಾಗಿ ಉಣ್ಣು, ಮೊಣಕಾಲಿಗೆ ಎಣ್ಣೆ ತಿಕ್ಕಿಕೋ. ಅವ್ವನ ಆಶೀರ್ವಾದ ನಿನ್ನ ಮೇಲಿದೆ. ಇದು ಪದ್ಧತಿಗೆಂದು ಬರೆದದ್ದಲ್ಲ, ಕಣ್ಣಾರೆ ನೋಡಿ ಬರೆಯುತ್ತಿದ್ದೇನೆ.

ನಿನ್ನ ಅಣ್ಣ,
ಓಂಪ್ರಕಾಶ

ತಾ.ಕ.: ನಿನ್ನ ಮದುವೆಯಲ್ಲಿ ಎಲ್ಲರೂ ಅಕ್ಕಿಕಾಳು ಹಾಕುವಾಗ ಹಂದರ ನೋಡಬೇಡ, ಮಾಳಿಗೆ ನೋಡು. ಅವ್ವ ಸೆರಗಿನೊಳಗಿಂದ ಮುಷ್ಟಿ ತೆಗೆದು ನಿನ್ನ ಕಡೆಗೆ ಚೆಲ್ಲುತ್ತಾಳೆ. ಮಗಳ ಮದುವೆಯಲ್ಲಿ ನಿನ್ನ ಕೈ ನೋಡಿಕೋ. ಕಟ್ಟಿದ ಮುಷ್ಟಿಯನ್ನು ಕೊನೆವರೆಗೂ ಬಿಚ್ಚಿಲ್ಲ. ನಿನ್ನ ಕೈಯ ಕಾಳು ಬಿದ್ದರೆ ಅವಳಿಗೆ ಕೆಡುಕಾದೀತು ಎಂದು ಹೆದರಿದೆ, ಅದು ನನಗೆ ಗೊತ್ತು. ಸ್ನೇಹಲ್‌ಗೆ ಗೊತ್ತಿಲ್ಲ. ಮೊನ್ನೆ ಸ್ಟುಡಿಯೋದಲ್ಲಿ ನನ್ನ ಪಕ್ಕ ಕೂತು ನೋಡಿದಳು. ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ತೋರಿಸು ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು: "ಮಾಮಾ, ನಮ್ಮವ್ವ ನನಗ ಅಕ್ಕಿಕಾಳ ಹಾಕಲೇ ಇಲ್ಲೇನ್ರಿ?"

ಉತ್ತರ ನೀನೇ ಕೊಡಬೇಕು. ಶುಕ್ರವಾರ ಅವಳು ಬಾಗಿಲಿಗೆ ಬಂದಾಗ ಮುಷ್ಟಿ ಬಿಚ್ಚು.