ಸಾಮಾನ್ಯ ಬಳಕೆದಾರಳ ಎರಡು ನಿಮಿಷ

ಮಂಗಳವಾರ, ಬೆಳಗ್ಗೆ

ಮೇಡಂ ಅವರಿಗೆ,

ಸಭೆಯಲ್ಲಿ ಹಾಗೇ ಕರೆ, ಅಮ್ಮ ಮಗಳು ಅಂತ ಗೊತ್ತಾಗಬಾರದು ಎಂದಿದ್ದೆಯಲ್ಲ, ರೂಢಿಯಾಗಿಬಿಟ್ಟಿದೆ. ಪುಟ್ಟೀ ಎಂದು ಬರೆಯಲು ಕೈ ಬರುತ್ತಿಲ್ಲ. ಅಸಹ್ಯವಾಗಿದೆ ಕಣೇ. ನಿನ್ನೆ ಸಭೆಯಿಂದ ಮನೆಗೆ ಬಂದು ತಿಕ್ಕಿ ತಿಕ್ಕಿ ಮುಖ ತೊಳೆದರೂ ಹೋಗಲಿಲ್ಲ.

ಇಂಟರ್ನೆಟ್ಟಿನ ನಿಯಮ ಮಾಡುವಾಗ ಅದನ್ನು ಬಳಸುವವರ ಮಾತೂ ಕೇಳಬೇಕಂತೆ. ಅದಕ್ಕೆ ನಿನ್ನ ಮಂಡಳಿಗೆ ಒಬ್ಬಳು ಹೆಂಗಸು ಬೇಕು, ವಯಸ್ಸಾದವಳು ಬೇಕು, ಸ್ವಂತ ಅಂಗಡಿಯವಳೂ ಬೇಕು. ಮೂರೂ ನಮ್ಮಮ್ಮ ಒಬ್ಬಳಲ್ಲೇ ಇವೆ ಎಂದು ನೀನು ನಕ್ಕಾಗ ನಾನೂ ನಕ್ಕೆ. ಕನ್ನಡಕದ ಅಂಗಡಿಗೆ ಬೀಗ ಹಾಕಿ ಬಂದೆ. ಯಾಕೆ ಬಂದೆ ಎನ್ನುವುದು ನಿನಗೆ ಗೊತ್ತಿತ್ತು.

ನಿಮ್ಮಪ್ಪ ಆಸ್ಪತ್ರೆಯಲ್ಲಿ ಮಲಗಿಕೊಂಡು ನಮಗಾಗಿ ಮಾತಾಡಿ ರೆಕಾರ್ಡ್ ಮಾಡಿಟ್ಟದ್ದೆಲ್ಲ ಅವರ ಫೋನ್ ನಂಬರಿನ ಇಂಟರ್ನೆಟ್ ಖಾತೆಯಲ್ಲಿತ್ತು. ಒಟ್ಟಿಗೇ ಕೇಳಿದರೆ ಮುಗಿದುಹೋಗುತ್ತದೆಂದು ಇಬ್ಬರೂ ಜಿಪುಣರ ಹಾಗೆ ಸ್ವಲ್ಪಸ್ವಲ್ಪವೇ ಕೇಳುತ್ತಿದ್ದೆವು. ಅವರು ಹೋದ ಮೇಲೆ ನಂಬರು ಸುಮ್ಮನೆ ಬಿದ್ದಿದೆ ಎಂದು ಫೋನ್ ಕಂಪನಿ ಅದನ್ನು ಬೇರೆ ಯಾರಿಗೋ ಕೊಟ್ಟಿತು. ಆ ಪುಣ್ಯಾತ್ಮ ಅದೇ ನಂಬರಿಗೆ ತನ್ನ ಖಾತೆ ತೆರೆದ, ಹಳೆಯದು ಅಳಿಸಿಹೋಯಿತು. ಅಳಿಸುವ ಮುಂಚೆ ಮನೆಯವರಿಗೆ ಒಂದು ಮಾತು ತಿಳಿಸಿ ಎಂಬುದಷ್ಟೇ ನನ್ನ ಬೇಡಿಕೆ. ಸಭೆ ಸೇರಿದ್ದೂ ಹಳೆಯ ಖಾತೆ ಅಳಿಸುವ ನಿಯಮದ ಬಗ್ಗೆಯೇ. ಹೋದದ್ದು ಬರುವುದಿಲ್ಲ, ಆದರೆ ಇನ್ನೊಂದು ಮನೆಯಲ್ಲಿ ಹೀಗಾಗಬಾರದು.

ಕತ್ತಿಗೆ 'ಸಾಮಾನ್ಯ ಬಳಕೆದಾರರು' ಎಂಬ ಬಿಲ್ಲೆ ಹಾಕಿ ನಮ್ಮನ್ನು ಬಾಗಿಲ ಪಕ್ಕ ಕೂರಿಸಿದಿರಿ. ನಾನು, ಒಬ್ಬ ಬಸ್ ಡ್ರೈವರು, ಒಬ್ಬಳು ನರ್ಸು. ಅಧ್ಯಕ್ಷರ ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಎದ್ದು ಹೋಗಿ ಸರಿಮಾಡೋಣವೇ ಎಂದು ನನ್ನ ಕೈ ತುರಿಸುತ್ತಿತ್ತು. ಜನರ ಮಾತನ್ನು ಕೇಳಿಸಿಕೊಳ್ಳುವುದು ಎಷ್ಟು ಮುಖ್ಯ ಎಂದು ಅವರು ಊಟದ ಹೊತ್ತಿನ ತನಕ ಮಾತಾಡಿದರು. ಉಳಿದಿದ್ದರಲ್ಲಿ ನಮಗೆ ತಲಾ ಎರಡು ನಿಮಿಷ. ಡ್ರೈವರು ತನ್ನದನ್ನು ಎಲ್ಲರಿಗೂ ವಂದನೆ ಹೇಳುವುದರಲ್ಲೇ ಕಳೆದ, ಪಾಪ.

ನನ್ನ ಸರದಿ ಬಂತು. ನಮ್ಮ ಯಜಮಾನರು ತೀರಿಕೊಂಡ ಮೇಲೆ, ಎಂದು ಬಾಯಿ ತೆರೆದಿದ್ದೆ ಅಷ್ಟೇ. ಮುಂದಿನ ಸಾಲಿನಿಂದ ನೀನು ಕೆಂಪು ಚೀಟಿ ಎತ್ತಿದೆ. ಸಮಯ ಮುಗಿದಿರಲಿಲ್ಲ, ಅದು ನಿನಗೂ ಗೊತ್ತು. ನೀನು ನನ್ನನ್ನು ನೋಡದೆ ಚೀಟಿಯನ್ನೇ ನೋಡುತ್ತಿದ್ದೆ. ಯಾರೋ ಬಂದು ಮೈಕು ಇಸಿದುಕೊಂಡು ಹೋದರು. ಆಮೇಲೆ ಮೊದಲೇ ಅಚ್ಚಾಗಿದ್ದ ನಿರ್ಣಯದ ಕಟ್ಟು ಬಿಚ್ಚಿ ಓದಿದಿರಿ: ಈಗಿನ ನಿಯಮವೇ ಮುಂದುವರಿಯಲಿ ಎಂಬುದನ್ನು ಸಾಮಾನ್ಯ ಬಳಕೆದಾರರು ಮನಸಾರೆ ಒಪ್ಪಿದ್ದಾರಂತೆ. ಫೋಟೊಕ್ಕೆ ಮಾತ್ರ ನನ್ನನ್ನು ನಡುವೆ ನಿಲ್ಲಿಸಿದಿರಿ. ಥೂ.

ಚಹಾ ಕುಡಿಯುವಾಗ ಕೇಳಿದರೆ ನೀನು ಗೋಡೆಗೆ ಹೇಳುವ ಹಾಗೆ ಹೇಳಿದೆ: "ಅಪ್ಪನ್ನ ಇಲ್ಲಿಗೆ ತರಬೇಡಮ್ಮ. ಮನೆ ವಿಷಯ ತಂದ್ಲು ಅಂತಾರೆ, ನನ್ನ ಕೆಲಸ ಹೋಗುತ್ತೆ." ಮನೆ ವಿಷಯವಂತೆ. ಬೇಲಿಯೇ ಎದ್ದು ಹೊಲ ಮೇಯುವುದನ್ನು ಬೇರೆಯವರ ಮಕ್ಕಳಲ್ಲಿ ನೋಡಿದ್ದೆ, ನನ್ನ ಮಗಳಲ್ಲೂ ನೋಡಿದ ಹಾಗಾಯಿತು.

ಮುಂದಿನ ಸಭೆಗೂ ಕರೆದಿದ್ದಾರೆ. ಫೋಟೊದಲ್ಲಿ ಚೆನ್ನಾಗಿ ಬಂದಿದ್ದೇನಂತೆ. ಬರುತ್ತೇನೆ, ಆದರೆ ನಿನ್ನ ಅಮ್ಮ ಎಂದು ಹೇಳಿಕೊಂಡೇ ಬರುತ್ತೇನೆ. ಚೀಟಿ ಎತ್ತುವುದಾದರೆ ಎಲ್ಲರೆದುರು ಅಮ್ಮನಿಗೇ ಎತ್ತು.

ಇಂತಿ,
ಸಿಟ್ಟು ಇಳಿಯದ ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮುಂಚೆ, ಹೊಟ್ಟೆಯುರಿ ತಡೆಯಲಾರದೆ ಅಪ್ಪನ ನಂಬರಿಗೆ ಫೋನ್ ಮಾಡಿದೆ. ಆ ಪುಣ್ಯಾತ್ಮನಿಗೆ ನಾಲ್ಕು ಮಾತು ಬೈಯಬೇಕಿತ್ತು. ವೆಲ್ಡಿಂಗ್ ಕೆಲಸದವನು. ನಾನು ಮುಗಿಸುವ ತನಕ ಅಡ್ಡ ಬಾಯಿ ಹಾಕದೆ ಕೇಳಿಸಿಕೊಂಡು, "ಹಾಗಾದ್ರೆ ಭಾನುವಾರ ಭಾನುವಾರ ಫೋನ್ ಮಾಡೋರು ನಿಮ್ಮ ಮಗಳಾ?" ಎಂದ. "ಅಪ್ಪಾ, ಊಟ ಆಯ್ತಾ ಅಂತ ಕೇಳ್ತಾರೆ. ಮೊದಮೊದಲು ರಾಂಗ್ ನಂಬರ್ ಅಂತಿದ್ದೆ. ಈಗ ಆಯ್ತಮ್ಮ ಅಂತೀನಿ. ಫೋನ್ ಇಟ್ಬಿಡ್ತಾರೆ." ಕರೆ ಬರುವ ನಂಬರನ್ನೂ ಓದಿ ಹೇಳಿದ. ನಿನ್ನದೇ.

ನೀನು ಮಾಡಿದ್ದು ಈಗಲೂ ಅಸಹ್ಯವೇ. ಆದರೂ ನನ್ನನ್ನು ಒಂದು ಸಲ ಕೇಳಬಹುದಿತ್ತಲ್ಲೇ ಪುಟ್ಟೀ, ಊಟ ಆಯ್ತಾ ಅಂತ.